ಹಿಂದೀ ಭಾಷೆಯಲ್ಲಿ ಮನಸ್ಸಿನ ತೃಪ್ತಿಯನ್ನು ತಿಳಿಸುವ ಬಗೆ

ನಮ್ಮ ಶಾಲೆಯಲ್ಲಿ ಓದಿ ಹೊರಟ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಉತ್ತರ ಭಾರತದ ಊರುಗಳಲ್ಲಿ ನೆಲಸಿರುವರು. ಕೆಲವರು ಆಸ್ಪತ್ರೆಗಳಲ್ಲಿ ದಾದಿಯರಾಗಿಯೂ, ಕೆಲವರು ಪಾಠಶಾಲೆಗಳಲ್ಲಿ ಉಪಾಧ್ಯಾಯಿನಿಯರಾಗಿಯೂ, ಇನ್ನು ಕೆಲವರು ಪತಿಯ ಉದ್ಯೋಗದ ನಿಮಿತ್ತವಾಗಿ ಗೃಹಿಣಿಯರಾಗಿಯೂ ಅಲ್ಲಿ ಕಾಲವನ್ನು ಕಳೆಯುತ್ತಿರುವರು. ನಾನೂ ಹಾಗೆಯೇ ಹದಿನಾಲ್ಕು ವರ್ಷ ಜಬಲ್ಪುರದಲ್ಲಿ ಸಂಸಾರ ಮಾಡಿ ಬಂದವಳು. ಈ ಸ್ಮರಣ ಸಂಚಿಕೆಗೆ ಉಪಯುಕ್ತವಾದ ಯಾವುದಾದರೊಂದು ವಿಷಯವನ್ನು ಬರೆಯಬೇಕೆಂದು ಅಪ್ಪಣೆಯಾದಾಗ, ಆ ವರ್ಷಗಳಲ್ಲಿ ನಾನು ಎಡವಿ ಎಡವಿ ಕಲಿತ ಒಂದು ಪಾಠವನ್ನೇ ನಿಮ್ಮ ಮುಂದೆ ಇಡುವುದು ಲೇಸೆಂದು ತೋರಿತು.

2011ನೆಯ ಇಸವಿಯ ಜನಗಣತಿಯಲ್ಲಿ ಸುಮಾರು 52 ಕೋಟಿ 83 ಲಕ್ಷ ಜನರ ಮಾತೃಭಾಷೆಗಳನ್ನು ಹಿಂದಿಯ ಗುಂಪಿನಲ್ಲಿ ಎಣಿಸಲಾಯಿತು. ದಕ್ಷಿಣದವರಾದ ನಮಗೆ ಆ ಭಾಷೆಯನ್ನು ಕಲಿಸುವ ಕೆಲಸವು 1918ರಲ್ಲಿ ಮಹಾತ್ಮಾ ಗಾಂಧಿಯವರ ಪ್ರೇರಣೆಯಿಂದ ಮದರಾಸಿನಲ್ಲಿ ಮೊದಲಾಯಿತು. ಮುಂದೆ ದಕ್ಷಿಣ ಭಾರತ ಹಿಂದೀ ಪ್ರಚಾರ ಸಭೆಯು ಏರ್ಪಡಿಸಿದ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ ಮೊದಲಾದ ಪರೀಕ್ಷೆಗಳಿಗೆ ನಮ್ಮಲ್ಲಿ ಎಷ್ಟು ಮಂದಿ ಕುಳಿತಿಲ್ಲ! ಆ ಪಾಠಗಳಿಂದ ವ್ಯಾಕರಣವು ಬಂದಿತು. ಅಂಗಡಿಯಲ್ಲಿ ಬೆಲೆ ಕೇಳುವುದಕ್ಕೂ ರೈಲುಗಾಡಿಯ ವೇಳೆಯನ್ನು ವಿಚಾರಿಸುವುದಕ್ಕೂ ಬೇಕಾದ ಮಾತು ಬಂದಿತು. ಅದಾಗ್ಯೂ ಮನಸ್ಸು ತುಂಬಿ ಬಂದಾಗ ಆಡತಕ್ಕ ಮಾತು ಮಾತ್ರ ಪರೀಕ್ಷೆಯಿಂದ ಬರುವಂಥದಲ್ಲ. ದೂರು ಹೇಳುವುದಕ್ಕೆ ಪರಭಾಷೆಯ ನಾಲ್ಕು ಶಬ್ದಗಳು ಸಾಕು. ನನಗೆ ತೃಪ್ತಿಯಾಯಿತು, ನಿಮ್ಮಿಂದ ನನ್ನ ಮನಸ್ಸು ತಣಿಯಿತು ಎಂದು ತಿಳಿಸುವುದಕ್ಕೆ ಮಾತ್ರ ತಕ್ಕ ಶಬ್ದವೇ ಬೇಕು. ಅದು ದೊರೆಯುವ ತನಕ ನಾವು ಆ ನಾಡಿನಲ್ಲಿ ಬಿಡಾರದವರೇ ಹೊರತು ನೆರೆಯವರಲ್ಲ.

ಮೊಟ್ಟಮೊದಲು ತಿಳಿಯತಕ್ಕದ್ದೇನೆಂದರೆ, ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ತೊಡಕು ಬರುವುದು ತಿಳಿಯದ ಶಬ್ದಗಳಿಂದಲ್ಲ. ತಿಳಿದಿರುವವೆಂದು ನಾವು ನಂಬಿದ ಶಬ್ದಗಳಿಂದ. ಅವುಗಳಲ್ಲಿ ಮುಖ್ಯವಾದದ್ದು 'ಸಂತೋಷ' ಎಂಬುದು. ಕನ್ನಡದಲ್ಲಿ ಸಂತೋಷವೆಂದರೆ ಹರ್ಷ, ಆನಂದ. ಮಗು ಹುಟ್ಟಿದರೂ ಸಂತೋಷ, ಹಬ್ಬ ಬಂದರೂ ಸಂತೋಷ. ಹಿಂದಿಯಲ್ಲಿಯೂ 'ಸಂತೋಷ್' ಎಂಬ ಶಬ್ದವುಂಟು. ಆದರೆ ಅದು ಮೂಲ ಸಂಸ್ಕೃತದ ಅರ್ಥವನ್ನು ಬಿಗಿಯಾಗಿ ಹಿಡಿದುಕೊಂಡಿರುವುದು. 'ತುಷ್' ಎಂಬ ಧಾತುವಿಗೆ ತಣಿಯುವುದು, ಸಾಕೆನ್ನಿಸುವುದು ಎಂಬ ಭಾವವಿದೆ. ಆದುದರಿಂದ ಹಿಂದಿಯ 'ಸಂತೋಷ್' ಎಂದರೆ ಇನ್ನೇನೂ ಬೇಡವೆಂಬ ನೆಮ್ಮದಿ, ಇಷ್ಟಾಯಿತಲ್ಲಾ ಎಂಬ ಸಮಾಧಾನ. ಕುಣಿಯುವ ಹರ್ಷವು ಅದಲ್ಲ.

ಇದನ್ನು ತಿಳಿಯದೆ ನಾನು ಪಟ್ಟ ಪಾಡನ್ನು ಹೇಳುತ್ತೇನೆ. ಜಬಲ್ಪುರಕ್ಕೆ ಹೋದ ಮೊದಲನೆಯ ವರ್ಷ, ನೆರೆಮನೆಯ ಹಿರಿಯಾಕೆ—ಅವರನ್ನು ನಾನು ಚಾಚೀಜೀ ಎಂದು ಕರೆಯುತ್ತಿದ್ದೆನು—ಒಂದು ತಟ್ಟೆಯ ತುಂಬ ಲಡ್ಡುಗಳನ್ನು ತಂದು, ತಮ್ಮ ಮಗಳಿಗೆ ವರನು ನಿಶ್ಚಯವಾದನೆಂದು ತಿಳಿಸಿದರು. ನಾನು ಬಹಳ ಆದರದಿಂದ "ಯಹ್ ಸುನ್‌ಕರ್ ಮುಝೇ ಬಹುತ್ ಸಂತೋಷ್ ಹುವಾ" ಎಂದೆನು. ಅವರ ಮುಖವು ಒಂದು ಕ್ಷಣ ಬಾಡಿತು. ಅನಂತರ ಅವರು ನಗುತ್ತ, "ಏಕೆ ಬೇಟೀ, ನಮ್ಮ ಹುಡುಗಿಗೆ ಮದುವೆಯೇ ಆಗಲಾರದೆಂದು ನಿನಗೆ ಭಯವಿತ್ತೇನು?" ಎಂದು ಕೇಳಿದರು. ಅವರ ಕಿವಿಗೆ ನನ್ನ ಮಾತು 'ಅಂತೂ ಒಂದು ದಡ ಮುಟ್ಟಿತಲ್ಲಾ' ಎಂಬಂತೆ ಕೇಳಿಸಿತ್ತು. ಅಲ್ಲಿ ಆಡಬೇಕಾಗಿದ್ದ ಮಾತು "ಬಹುತ್ ಖುಶೀ ಹುಯೀ" ಎಂಬುದು. ಇನ್ನೂ ಗ್ರಾಂಥಿಕವಾಗಿ ಹೇಳುವುದಾದರೆ "ಬಡೀ ಪ್ರಸನ್ನತಾ ಹುಯೀ" ಎಂಬುದು.

ತಾಯಿತಂದೆಗಳು ಇದನ್ನು ವಿಶೇಷವಾಗಿ ನೆನಪಿನಲ್ಲಿಡತಕ್ಕದ್ದು. ಹಿಂದೀ ಶಾಲೆಯೊಂದರಿಂದ ಮಗುವಿನ ಪ್ರಗತಿಪತ್ರವು ಬಂದು, ಅದರಲ್ಲಿ 'ಸಂತೋಷ್‌ಜನಕ್' ಎಂದು ಬರೆದಿದ್ದರೆ, ಉಪಾಧ್ಯಾಯರು ಹರ್ಷದಿಂದ ಹಿಗ್ಗಿದರೆಂದು ಭಾವಿಸಿ ಮಿಠಾಯಿ ಹಂಚಬೇಕಾದದ್ದಿಲ್ಲ. ಅದರ ಅರ್ಥವು ತೃಪ್ತಿಕರ, ಅಂದರೆ ಅಡ್ಡಿಯಿಲ್ಲ ಎಂಬಷ್ಟೇ. ಅದೇ ರೀತಿಯಾಗಿ ಅಲ್ಲಿಯ ವೃತ್ತಪತ್ರಿಕೆಗಳಲ್ಲಿ ಕಾಣುವ 'ಅಸಂತೋಷ್' ಎಂಬುದು ದುಃಖವಲ್ಲ. ಜನರಲ್ಲಿ ಹಬ್ಬಿದ ಅತೃಪ್ತಿ, ಅಸಮಾಧಾನ.

ಎರಡನೆಯ ತೊಡಕಿನ ಶಬ್ದವು 'ಸಮಾಧಾನ'. ಕನ್ನಡದಲ್ಲಿ ಅದಕ್ಕೆ ಶಾಂತಿ, ತೃಪ್ತಿ, ಸಂತೈಕೆ ಎಂಬ ಅರ್ಥಗಳೆಲ್ಲ ಸಲ್ಲುವುವು. ನಮ್ಮ ನೆರೆಯ ಮರಾಠಿಯಲ್ಲಿಯೂ ಅದು ತೃಪ್ತಿಯೇ ಸರಿ. ಆದರೆ ಹಿಂದಿಯಲ್ಲಿ 'ಸಮಾಧಾನ್' ಎಂದರೆ ಸಮಸ್ಯೆಗೆ ದೊರೆತ ಪರಿಹಾರ, ಸಂದೇಹಕ್ಕೆ ದೊರೆತ ಉತ್ತರ. ಲೆಕ್ಕವು ಬಿಡಿಸಲ್ಪಟ್ಟರೆ ಸಮಾಧಾನ್. ಮನಸ್ಸು ತಣಿದರೆ ಅಲ್ಲ. ಕಾಯಿಲೆಯವನನ್ನು ನೋಡಿ ಬಂದು, ಅವನು ಚೇತರಿಸಿಕೊಂಡುದರಿಂದ 'ಸಮಾಧಾನವಾಯಿತು' ಎನ್ನಬೇಕಾದ ಕಡೆ "ತಸಲ್ಲೀ ಹುಯೀ" ಎಂದು ಹೇಳಬೇಕು.

ಮೂರನೆಯದು 'ಗದ್ಗದ'. ನಮ್ಮಲ್ಲಿ ಗದ್ಗದಕಂಠವೆಂದೊಡನೆ ದುಃಖವೇ ಹೆಚ್ಚಾಗಿ ನೆನಪಿಗೆ ಬರುವುದು. ಹಿಂದಿಯಲ್ಲಿ "ಮನ್ ಗದ್ಗದ್ ಹೋ ಗಯಾ" ಎಂದರೆ ಹರ್ಷದಿಂದಲೂ ಪ್ರೀತಿಯಿಂದಲೂ ಗಂಟಲು ಕಟ್ಟಿತು ಎಂದರ್ಥ. ಹಳೆಯ ಶಿಷ್ಯೆಯೊಬ್ಬಳು ನಿಮ್ಮ ಮನೆಯನ್ನು ಹುಡುಕಿಕೊಂಡು ಬಂದು ಕಾಲಿಗೆರಗಿದರೆ ಈ ಮಾತನ್ನು ಧಾರಾಳವಾಗಿ ಆಡಬಹುದು.

ಇನ್ನು ನಿಜವಾಗಿಯೂ ತೃಪ್ತಿಯನ್ನು ಹೇಳುವ ಶಬ್ದಗಳಿಗೆ ಬರೋಣ. ಅವುಗಳನ್ನು ಮೂರು ಬಗೆಯಾಗಿ ವಿಂಗಡಿಸಿದರೆ ನೆನಪಿನಲ್ಲಿಡುವುದು ಸುಲಭವಾಗುವುದು: ತುಂಬುವುದು, ನಿಲ್ಲುವುದು, ತಂಪಾಗುವುದು.

ತುಂಬುವುದನ್ನು ಮೊದಲು ನೋಡುವ. ಊಟದ ಮನೆಯಲ್ಲಿ "ಪೇಟ್ ಭರ್ ಗಯಾ" ಎಂದರೆ ಹೊಟ್ಟೆ ತುಂಬಿತು ಎಂದಷ್ಟೇ. ಅದು ಇನ್ನು ಬಡಿಸಬೇಡಿರೆಂಬ ಸೂಚನೆ. ಬಡಿಸಿದವರ ಮನಸ್ಸು ಅರಳಬೇಕಾದರೆ "ಮನ್ ತೃಪ್ತ್ ಹೋ ಗಯಾ" ಎನ್ನಬೇಕು. ಇನ್ನೂ ಆದರವು ಬೇಕಾದರೆ "ಆತ್ಮಾ ತೃಪ್ತ್ ಹೋ ಗಯೀ" ಎಂದು ಹೇಳುವರು. ಹಸಿವು ಬಾಯಾರಿಕೆಗಳು ಇಂಗಿದಾಗ ಉಂಟಾಗುವ ತಣಿವೇ 'ತೃಪ್ತಿ' ಎಂಬುದರ ಮೂಲಾರ್ಥವಾಗಿರುವುದರಿಂದ ಆ ಶಬ್ದಕ್ಕೆ ಊಟದ ಎಲೆಯ ಮುಂದೆ ವಿಶೇಷ ಬೆಲೆಯುಂಟು. ಮೊಮ್ಮಗುವನ್ನು ಎಷ್ಟು ಬೇಕೋ ಅಷ್ಟು ನೋಡಿದೆವೆನ್ನಲು "ಜೀ ಭರ್ ಕೇ ದೇಖಾ" ಎನ್ನುವರು. ಅಂದರೆ ಜೀವ ತುಂಬುವಷ್ಟು ನೋಡಿದೆವು ಎಂದರ್ಥ. ನಾವು ಕಣ್ತುಂಬ ನೋಡಿದೆವೆಂದು ಹೇಳುವುದಿಲ್ಲವೇ? ಹಾಗೆಯೇ ಇದು.

ಆದರೆ ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. "ಮನ್ ಭರ್ ಗಯಾ" ಎಂದರೆ ಮನಸ್ಸು ತುಂಬಿತು ಎಂಬುದು ಸರಿಯೇ. ಅದರ ಹಿಂದೆ 'ಸೇ' ಎಂಬ ಪ್ರತ್ಯಯವನ್ನಿಟ್ಟು "ಇಸ್ ಕಾಮ್ ಸೇ ಮನ್ ಭರ್ ಗಯಾ" ಎಂದರೆ ಈ ಕೆಲಸವು ಬೇಸರವಾಯಿತು, ಸಾಕು ಸಾಕಾಯಿತು ಎಂಬ ಅರ್ಥವಾಗಿಬಿಡುವುದು. "ಮನ್ ಭರ್ ಆಯಾ" ಎಂದರೆ ಮೂರನೆಯದೇ ಒಂದು ಅರ್ಥ: ಮನಸ್ಸು ಉಕ್ಕಿ ಕಣ್ಣಿನಲ್ಲಿ ನೀರು ಬಂದಿತು ಎಂದು. ಅತಿಥಿಯಾಗಿ ಹೋದವಳು ಹೊರಡುವಾಗ "ಆಪ್ ಕೇ ಘರ್ ಸೇ ಮನ್ ಭರ್ ಗಯಾ" ಎಂದಳಾದರೆ, ಮನೆಯವರು ಮತ್ತೊಮ್ಮೆ ಕರೆಯುವುದಕ್ಕೆ ಹಿಂಜರಿಯುವರು!

ಎರಡನೆಯ ಬಗೆಯು ನಿಲ್ಲುವುದು, ಅಂದರೆ ಮನಸ್ಸಿನ ಅಲೆದಾಟವು ನಿಲ್ಲುವುದು. ನಮ್ಮ 'ನೆಮ್ಮದಿ' ಎಂಬ ಚೆಲುವಾದ ಶಬ್ದಕ್ಕೆ ಹತ್ತಿರವಾದವುಗಳು ಇಲ್ಲಿ ದೊರೆಯುವುವು. 'ಸುಕೂನ್' ಎಂಬುದು ಅರಬ್ಬೀ ಮೂಲದ್ದು; ಅಲುಗಾಡದೆ ಇರುವುದು ಎಂಬುದು ಅದರ ಅರ್ಥ. ಅರಬ್ಬೀ ಲಿಪಿಯಲ್ಲಿ ಸ್ವರವಿಲ್ಲದ ವ್ಯಂಜನದ ಮೇಲೆ ಇಡುವ ಗುರುತಿಗೂ ಸುಕೂನ್ ಎಂದೇ ಹೆಸರು. ಅಲ್ಲಿ ಧ್ವನಿಯು ನಿಂತಿತು ಎಂಬುದನ್ನು ಅದು ಸೂಚಿಸುವುದು. ದಿನದ ಕೆಲಸವೆಲ್ಲ ಮುಗಿದು, ಮಕ್ಕಳು ಮಲಗಿ, ಮನೆಯು ನಿಶ್ಶಬ್ದವಾದಾಗ ತಾಯಿಗೆ ದೊರೆಯುವುದೇ ಸುಕೂನ್. 'ಚೈನ್' ಎಂಬುದು ಅದಕ್ಕಿಂತಲೂ ಬಳಕೆಯ ಮಾತು. ಕನ್ನಡದಲ್ಲಿ 'ಚೈನಿ' ಎಂದರೆ ವಿಲಾಸವೆಂಬ ಅರ್ಥವು ಬಂದಿರುವುದಾದರೂ ಹಿಂದಿಯಲ್ಲಿ ಅದಕ್ಕೆ ಆ ಕಳಂಕವಿಲ್ಲ. ನಿಶ್ಚಿಂತೆಯೆಂದೇ ಅದರ ಅರ್ಥ. ಕಳವಳವು ಕಳೆದಾಗ "ಚೈನ್ ಕೀ ಸಾಂಸ್ ಲೀ", ನೆಮ್ಮದಿಯ ಉಸಿರು ಬಿಟ್ಟೆವು, ಎಂದು ಹೇಳುವರು. ಅದಿಲ್ಲದ ಸ್ಥಿತಿಯೇ 'ಬೇಚೈನ್'.

'ತಸಲ್ಲೀ', 'ಇತ್ಮೀನಾನ್', 'ರಾಹತ್' ಎಂಬ ಮೂರು ಶಬ್ದಗಳೂ ಅರಬ್ಬಿಯಿಂದ ಬಂದು ಮನೆಮಾತಾಗಿರುವುವು. ಇವುಗಳ ಭೇದವು ಸೂಕ್ಷ್ಮವಾದದ್ದು. ಮಗಳು ಊರು ಮುಟ್ಟಿದ ಸುದ್ದಿಯು ಬಂದಾಗ ತಾಯಿಗೆ ಆಗುವುದು ತಸಲ್ಲೀ. ಯಾವ ಅವಸರವೂ ಇಲ್ಲದೆ, ಯಾವ ಸಂಶಯವೂ ಇಲ್ಲದೆ ಕುಳಿತು ಮಾತನಾಡುವಾಗ ಇರುವುದು ಇತ್ಮೀನಾನ್. ನೋವೋ ಸೆಕೆಯೋ ಸಾಲವೋ ಇಳಿದಾಗ ದೊರೆಯುವುದು ರಾಹತ್. ಉತ್ತರ ಕರ್ನಾಟಕದ ಸೋದರಿಯರು "ಆರಾಮ ಇದ್ದೀರೇನ್ರಿ?" ಎಂದು ಕುಶಲವನ್ನು ಕೇಳುವರಲ್ಲವೇ? ಆ 'ಆರಾಮ'ವೂ ಪಾರಸೀ ಮೂಲದಿಂದ ಬಂದದ್ದೇ. ಹಿಂದಿಯಲ್ಲಿ ಅದು ವಿಶ್ರಾಂತಿಯನ್ನೂ, ಕಾಯಿಲೆಯ ಇಳಿತವನ್ನೂ ಹೇಳುವುದು. ದಾದಿಯರಾಗಿ ಕೆಲಸ ಮಾಡುವವರು "ಅಬ್ ಆರಾಮ್ ಹೈ" ಎಂಬ ಮಾತನ್ನು ರೋಗಿಯ ಬಾಯಿಂದ ಕೇಳಿದರೆ, ತಮ್ಮ ಶ್ರಮವು ಸಾರ್ಥಕವಾಯಿತೆಂದು ತಿಳಿಯಬಹುದು.

ಮೂರನೆಯ ಬಗೆಯು ತಂಪಾಗುವುದು. ಬಿಸಿಲಿನ ದೇಶದವರಾದ ನಮಗೆ ತಂಪೆಂದರೆ ಸುಖ. 'ನಿನ್ನ ಹೊಟ್ಟೆ ತಣ್ಣಗಿರಲಿ' ಎಂದು ನಮ್ಮ ಅಜ್ಜಿಯಂದಿರು ಹರಸುತ್ತಿದ್ದರು. ಹಿಂದಿಯವರು ಹೊಟ್ಟೆಗೆ ಬದಲಾಗಿ 'ಕಲೇಜಾ' ಎನ್ನುವರು. ಕಲೇಜಾ ಎಂದರೆ ಯಕೃತ್ತು. ಮಾತಿನಲ್ಲಿ ಅದು ಎದೆ, ಅಂತಃಕರಣ. "ಕಲೇಜೇ ಮೇಂ ಠಂಡಕ್ ಪಡೀ" ಎಂದರೆ ಒಳಗಿನ ಬೇಗೆಯು ಆರಿತು ಎಂದು. "ಆಂಖೇಂ ಠಂಡೀ ಹುಯೀಂ" ಎಂದರೆ ಪ್ರಿಯರಾದವರನ್ನು ಕಂಡು ಕಣ್ಣು ತಂಪಾಯಿತು ಎಂದು. ಇಲ್ಲಿಯೂ ಒಂದು ಜಾಗ್ರತೆಯು ಬೇಕು: ಹಗೆಯವನಿಗೆ ಕೇಡಾದಾಗಲೂ 'ಕಲೇಜಾ ಠಂಡಾ ಹುವಾ' ಎಂದೇ ಹೇಳುವರು. ಆದುದರಿಂದ ಸಂದರ್ಭವನ್ನು ನೋಡಿ ಈ ಮಾತನ್ನು ಬಳಸತಕ್ಕದ್ದು.

ತುಂಬಿ ಹೊರಚೆಲ್ಲುವ ಸಂತಸಕ್ಕೆ ಬೇರೆ ಮಾತುಗಳುಂಟು. ಮಗನು ಪರೀಕ್ಷೆಯಲ್ಲಿ ಮೊದಲಿಗನಾದಾಗ "ಮೈಂ ಫೂಲೀ ನ ಸಮಾಯೀ", ಅಂದರೆ ಹಿಗ್ಗಿ ನನ್ನ ಮೈಯಲ್ಲಿ ನಾನೇ ಹಿಡಿಸಲಿಲ್ಲ, ಎಂದು ತಾಯಿಯು ಹೇಳುವಳು. ಹಿರಿಯರ ದರ್ಶನವಾದಾಗ "ಮೈಂ ಧನ್ಯ ಹೋ ಗಯೀ" ಎನ್ನುವುದೂ, ಬಯಸಿದ್ದೆಲ್ಲ ಕೈಗೂಡಿದಾಗ "ನಿಹಾಲ್ ಹೋ ಗಯೀ" ಎನ್ನುವುದೂ ರೂಢಿ. ಇವು ಹಬ್ಬದ ಉಡುಪಿನಂಥ ಮಾತುಗಳು, ದಿನನಿತ್ಯವೂ ಉಡತಕ್ಕವಲ್ಲ.

ವ್ಯಾಕರಣದ ಒಂದೆರಡು ಮಾತುಗಳನ್ನು ಹೇಳದೆ ಬಿಡುವಂತಿಲ್ಲ. ನಾವು 'ನನಗೆ ತೃಪ್ತಿಯಾಯಿತು' ಎಂದು ಚತುರ್ಥೀ ವಿಭಕ್ತಿಯಲ್ಲಿ ಹೇಳುವಂತೆಯೇ ಹಿಂದಿಯವರೂ 'ಮುಝೇ' ಎಂದು ಆರಂಭಿಸುವರು. ತೃಪ್ತಿಯು ನಾವು ಹಿಡಿದು ತರುವ ವಸ್ತುವಲ್ಲ, ತಾನಾಗಿ ನಮ್ಮ ಬಳಿಗೆ ಬರುವುದು ಎಂಬ ಭಾವನೆಯು ಎರಡು ಭಾಷೆಗಳಲ್ಲಿಯೂ ಒಂದೇ. ವ್ಯತ್ಯಾಸವಿರುವುದು ಕ್ರಿಯಾಪದದಲ್ಲಿ. ನಮ್ಮ 'ಆಯಿತು' ಎಂಬುದು ಎಲ್ಲಕ್ಕೂ ಸಲ್ಲುವುದು. ಹಿಂದಿಯಲ್ಲಿ ಮಾತ್ರ ಆಗತಕ್ಕ ವಸ್ತುವಿನ ಹೆಸರು ಪುಲ್ಲಿಂಗವೋ ಸ್ತ್ರೀಲಿಂಗವೋ ಎಂದು ನೋಡಬೇಕು. ಸಂತೋಷ್, ಸುಕೂನ್, ಚೈನ್, ಆನಂದ್ ಇವು ಪುಲ್ಲಿಂಗಗಳು: "ಸಂತೋಷ್ ಹುವಾ", "ಸುಕೂನ್ ಮಿಲಾ". ಖುಶೀ, ತೃಪ್ತಿ, ಶಾಂತಿ, ತಸಲ್ಲೀ, ರಾಹತ್ ಇವು ಸ್ತ್ರೀಲಿಂಗಗಳು: "ಖುಶೀ ಹುಯೀ", "ಶಾಂತಿ ಮಿಲೀ". ಮಾತನಾಡುವವಳು ಹೆಂಗಸಾದ ಮಾತ್ರಕ್ಕೆ "ಮುಝೇ ಸಂತೋಷ್ ಹುಯೀ" ಎನ್ನುವುದು ತಪ್ಪು. ಆದರೆ 'ಮೈಂ' ಎಂದು ಆರಂಭಿಸಿದರೆ ಕ್ರಿಯಾಪದವು ಮಾತನಾಡುವವರನ್ನು ಅನುಸರಿಸುವುದು. ಆಗ ಹೆಂಗಸು "ಮೈಂ ತೃಪ್ತ್ ಹೋ ಗಯೀ" ಎಂದೂ, ಗಂಡಸು "ಹೋ ಗಯಾ" ಎಂದೂ ಹೇಳಬೇಕು. ಒಬ್ಬರ ಕೆಲಸವು ಮೆಚ್ಚಿಕೆಯಾದರೆ "ಮೈಂ ಆಪ್ ಕೇ ಕಾಮ್ ಸೇ ಸಂತುಷ್ಟ್ ಹೂಂ" ಎನ್ನಬಹುದು. ಇದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಆದರೆ ಇದು ಮೇಲಿನವರು ಕೆಳಗಿನವರಿಗೆ ಆಡುವ ಮಾತಿನಂತೆ ಕೇಳಿಸುವುದರಿಂದ, ಹಿರಿಯರ ಮುಂದೆ ಆಡದಿರುವುದು ಲೇಸು.

ಇಷ್ಟರಲ್ಲಿಯೇ ನಿಲ್ಲಿಸಬಹುದಾಗಿತ್ತು; ಆದರೆ ಈ ಲೇಖನವನ್ನು ಬರೆಯಲು ನನ್ನನ್ನು ಪ್ರೇರಿಸಿದ ಮುಖ್ಯ ಸಂಗತಿಯು ಇನ್ನೂ ಉಳಿದಿರುವುದು. ಹಿಂದಿಯಲ್ಲಿ 'ಸಂತೋಷ್ ಹೋನಾ' ಎಂಬುದು ಬೇರೆ, 'ಸಂತೋಷ್ ಕರ್ನಾ' ಎಂಬುದು ಬೇರೆ. ಮೊದಲನೆಯದು ತಾನಾಗಿ ಉಂಟಾಗುವ ತೃಪ್ತಿ. ಎರಡನೆಯದು ದೊರೆತಷ್ಟರಲ್ಲಿಯೇ ಮನಸ್ಸನ್ನು ಹಿಡಿದು ನಿಲ್ಲಿಸುವುದು. "ಜೋ ಮಿಲಾ ಉಸೀ ಪರ್ ಸಂತೋಷ್ ಕಿಯಾ" ಎಂದರೆ, ಸಿಕ್ಕಿದ್ದರಲ್ಲಿಯೇ ತೃಪ್ತಿಪಟ್ಟುಕೊಂಡೆವು ಎಂದರ್ಥ. ಇದು ಹೀನವಾದ ಗುಣವೆಂದು ನಾನು ಹೇಳಲಾರೆನು. ಪತಂಜಲಿಯ ಯೋಗಸೂತ್ರದಲ್ಲಿ ಹೇಳಿದ ಐದು ನಿಯಮಗಳಲ್ಲಿ ಶೌಚದ ತರುವಾಯ ಬರುವುದೇ ಸಂತೋಷವು. 'ಸಂತೋಷೀ ಸದಾ ಸುಖೀ' ಎಂದು ಹಿಂದಿಯಲ್ಲಿ ಗಾದೆಯೂ ಇದೆ. ತನ್ನ ಆಶೆಗೆ ತಾನೇ ಮಿತಿಯನ್ನು ಇಟ್ಟುಕೊಳ್ಳುವವಳು ನಿಜವಾಗಿಯೂ ಸುಖಿಯೇ. ಆದರೆ ಆ ಮಿತಿಯನ್ನು ಇತರರು ಗೊತ್ತುಮಾಡಿ 'ಸಂತೋಷ್ ಕರೋ' ಎಂದು ಅಪ್ಪಣೆ ಕೊಟ್ಟರೆ, ಆಗ ಅದೇ ಶಬ್ದವು ಬಾಗಿಲಿಗೆ ಹಾಕಿದ ಅಗಳಿಯಾಗುವುದು.

ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದಾಕೆಗೆ ಒಬ್ಬ ಮಗಳಿದ್ದಳು. ಹತ್ತನೆಯ ತರಗತಿಯನ್ನು ಚೆನ್ನಾಗಿ ಮುಗಿಸಿದ್ದಳು. ಮುಂದೆ ಓದಿ ದಾದಿಯಾಗಬೇಕೆಂಬ ಹಂಬಲವು ಅವಳಿಗೆ ಬಲವಾಗಿತ್ತು. ಮನೆಯ ಹಿರಿಯರು, "ನಮ್ಮವರಲ್ಲಿ ಇಷ್ಟು ಓದಿದವರೇ ಇಲ್ಲ, ಇನ್ನು ಸಂತೋಷ್ ಕರೋ" ಎಂದು ಹೇಳಿದರು. ಹುಡುಗಿಯು ನಮ್ಮ ಹಿತ್ತಿಲಿನಲ್ಲಿ ಕುಳಿತು ಅತ್ತಳು. ನಾನು ಸಂತೈಸಲು ಹೋಗಿ, ಬಂದಷ್ಟು ಹಿಂದಿಯಲ್ಲಿ ಅದೇ ಮಾತನ್ನು ಹೇಳಿದೆನು. ಆಗ ಅವಳು ತಲೆಯನ್ನೆತ್ತಿ, "ಹುವಾ ನಹೀಂ, ತೋ ಕರೂಂ ಕೈಸೇ?" ಎಂದಳು. ಆಗದೆ ಇರುವ ತೃಪ್ತಿಯನ್ನು ಮಾಡುವುದು ಹೇಗೆ ಎಂದು ಅವಳ ಪ್ರಶ್ನೆ. ನನಗೆ ಉತ್ತರವು ತೋಚಲಿಲ್ಲ. ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದ ನಾನು ನನ್ನ ಕಣ್ಣೆದುರಿಗೆ ಬಂದೆನು. ನನ್ನ ತಾಯಿಗೆ ಅಕ್ಷರವು ಬರುತ್ತಿರಲಿಲ್ಲ. ಆದರೂ ಅವರು ನನಗೆ 'ಇಷ್ಟು ಸಾಕು' ಎಂದು ಒಮ್ಮೆಯೂ ಹೇಳಿದವರಲ್ಲ.

ಮರುದಿನ ನಾನು ಆ ಹುಡುಗಿಯ ತಾಯಿಯೊಡನೆ ಮಾತನಾಡಿದೆನು, ಚಾಚೀಜೀಯವರೂ ಮಾತನಾಡಿದರು. ಒಂದೇ ದಿನದಲ್ಲಿ ಆದದ್ದಲ್ಲ. ಎರಡು ವರ್ಷಗಳ ವಾದವಿವಾದಗಳು ನಡೆದುವು. ಕಡೆಗೆ ಹುಡುಗಿಯು ಓದಿದಳು. ಅವಳು ದಾದಿಯ ಬಿಳಿಯ ಉಡುಪನ್ನು ಧರಿಸಿ ಮೊದಲನೆಯ ತಿಂಗಳಿನ ಸಂಬಳವನ್ನು ತಂದ ದಿನ, ತಾಯಿಯು ನಮ್ಮ ಅಡಿಗೆಮನೆಯ ಬಾಗಿಲಿನಲ್ಲಿ ನಿಂತು, ಸೆರಗಿನಿಂದ ಮುಖವನ್ನು ಒರಸಿಕೊಳ್ಳುತ್ತ, "ಅಬ್ ಕಲೇಜೇ ಮೇಂ ಠಂಡಕ್ ಪಡೀ, ಬಹೂಜೀ" ಎಂದಳು. ಎದೆಯ ಬೇಗೆಯು ಈಗ ಆರಿತಮ್ಮಾ, ಎಂದು. ಅದುವರೆಗೆ ಆ ಬೇಗೆಯು ಅವಳಲ್ಲಿಯೂ ಇದ್ದಿತೆಂಬುದನ್ನು ನಾನು ಅರಿತದ್ದು ಆಗಲೇ. ಮಗಳಿಗೆ 'ಸಂತೋಷ್ ಕರೋ' ಎಂದು ಹೇಳಿದ ಆ ತಾಯಿಯು ತನ್ನ ಜೀವಮಾನವೆಲ್ಲ ಅದನ್ನೇ ಮಾಡಿಕೊಂಡು ಬಂದಿದ್ದಳು. ಸಂತೋಷ್ ಆದದ್ದು ಮಾತ್ರ ಆ ದಿನ.

ಆದುದರಿಂದ, ಪ್ರಿಯ ಸೋದರಿಯರೇ, ಪರನಾಡಿನಲ್ಲಿ ಈ ಶಬ್ದಗಳನ್ನು ಆಡುವಾಗ ಅವುಗಳ ತೂಕವನ್ನು ಅರಿತು ಆಡಿರಿ. ಉಪಕಾರ ಮಾಡಿದವರಿಗೆ ನಿಮ್ಮ ಮನಸ್ಸು ತಣಿದುದನ್ನು ಬಾಯಿ ಬಿಟ್ಟು ಹೇಳಿರಿ. ಮನಸ್ಸಿನಲ್ಲಿಯೇ ಉಳಿದ ತೃಪ್ತಿಯು ಬಡಿಸಿದವರಿಗೆ ಗೊತ್ತಾಗುವುದಿಲ್ಲ. ಶುಭವಾರ್ತೆಗೆ ಖುಶಿಯನ್ನೂ, ಕ್ಷೇಮವಾರ್ತೆಗೆ ತಸಲ್ಲಿಯನ್ನೂ, ಒಳ್ಳೆಯ ಊಟಕ್ಕೆ ತೃಪ್ತಿಯನ್ನೂ ಸಲ್ಲಿಸಿರಿ. 'ಸಂತೋಷ್' ಎಂಬ ಶಬ್ದವನ್ನು ಮಾತ್ರ ನಿಜವಾಗಿಯೂ ಇನ್ನೇನೂ ಬೇಡವೆನ್ನಿಸಿದ ದಿನಕ್ಕೆ ತೆಗೆದಿಡಿರಿ. ನಿಮ್ಮ ಹೆಣ್ಣುಮಕ್ಕಳಿಗೆ ಅದನ್ನು ಮಾಡೆಂದು ಹೇಳುವುದಕ್ಕೆ ಮೊದಲು, ಅದು ಅವರಿಗೆ ಆಗಿದೆಯೇ ಎಂದು ಒಮ್ಮೆ ಕೇಳಿರಿ.

ನಾನು ಈಗ ಊರಿಗೆ ಮರಳಿ ಬಂದಿದ್ದೇನೆ. ಚಾಚೀಜೀಯವರಿಂದ ಆಗಾಗ ಕುಶಲವಾರ್ತೆಯು ಬರುತ್ತಿರುವುದು. ಕಳೆದ ಸಲ ಅವರು, ಮೊಮ್ಮಗಳು ಶಾಲೆಗೆ ಸೇರಿದಳೆಂದು ತಿಳಿಸಿದ್ದರು. ಉತ್ತರವಾಗಿ ನಾನು, ಈ ಸಲ ಯೋಚಿಸಿ, "ಬಹುತ್ ಖುಶೀ ಹುಯೀ" ಎಂದೇ ಬರೆದೆನು. ಅವರು ಅದನ್ನು ಓದಿ ನಕ್ಕಿರಬೇಕು.